ಹತ್ತು ಬೆರಳಿನ ಹಾಜರಿ

ತೀರ್ಥಹಳ್ಳಿ ಹತ್ತಿರದ ಒಂದು ಅಡಿಕೆ ಸುಲಿಯುವ ಶೆಡ್ಡಿಗೆ ಹೆಬ್ಬೆಟ್ಟಿನ ಹಾಜರಿ ಮಿಷನ್ ಕೂರಿಸಲು ಹೋಗಿದ್ದೆ. ಹೆಂಗಸರು ತಡವಾಗಿ ಬಂದು ಟೈಮ್ ಕದೀತಾರೆ ಅನ್ನೋದು ಮಾಲೀಕರ ದೂರು.

“ಸುಲಿದಷ್ಟಕ್ಕೇ ಕೂಲಿ ನಮ್ದು. ಟೈಮ್ ಕದ್ರೆ ಹೋಗೋದು ನಮ್ ಕೂಲಿನೇ ಅಲ್ವಾ ಮಾರಾಯ್ರೆ?” ಎಂದರು ಸುಲಿಯುವವರಲ್ಲಿ ಹಿರಿಯರಾದ ಗಿರಿಜಕ್ಕ. ನಾನು ಮಿಷನ್ ಮುಂದೆ ಹಿಡಿದೆ.

ಅಡಿಕೆ ಚೊಗರಿಗೆ ಕಪ್ಪಾಗಿ ಗೆರೆ ಸವೆದ ಬೆರಳುಗಳು. ಹತ್ತು ಜನರಲ್ಲಿ ಒಬ್ಬರದ್ದನ್ನೂ ಅದು ಒಪ್ಪಲಿಲ್ಲ. ಹುಣಸೆಹಣ್ಣು ತಿಕ್ಕಿದರು, ಸೋಪು ತಿಕ್ಕಿದರು. ಮಧ್ಯಾಹ್ನವಾದರೂ ಒಂದು ಅಡಿಕೆಯೂ ಸುಲಿದಿರಲಿಲ್ಲ. ಮಾಲೀಕರು ಸಿಟ್ಟಿನಿಂದ ತಮ್ಮ ಹೆಬ್ಬೆರಳು ಒತ್ತಿದರು. ತಕ್ಷಣ ಒಪ್ಪಿತು.

“ಹಾಗಾದ್ರೆ ನನ್ ಬೆರಳೇ ಹಾಕಿ!”

ಬಲಗೈ ಹೆಬ್ಬೆರಳಿಗೆ ಗಿರಿಜಕ್ಕ, ಎಡಗೈ ಕಿರುಬೆರಳಿಗೆ ಸರೋಜಕ್ಕ, ಹೀಗೆ ಹತ್ತು ಬೆರಳಿಗೆ ಹತ್ತು ಹೆಸರು ಸೇರಿಸಿದೆ. ಹನ್ನೊಂದು ಗಂಟೆಗೆ ಬರುತ್ತಿದ್ದ ಮಾಲೀಕರು ಈಗ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರ ಹಾಜರಿ ಒತ್ತುತ್ತಾರೆ.

ಮೊನ್ನೆ ಅವರ ಫೋನ್ ಬಂತು. “ಕಾರಿನ ಬಾಗಿಲಿಗೆ ಸಿಕ್ಕಿ ಕಿರುಬೆರಳಿಗೆ ಬ್ಯಾಂಡೇಜ್ ಆಗಿದೆ. ಸರೋಜಕ್ಕ ಎದುರಿಗೇ ಕೂತು ಸುಲೀತಿದಾರೆ, ಮಿಷನ್ ಆಬ್ಸೆಂಟ್ ತೋರಿಸ್ತದೆ. ಎಂತ ಮಾಡೋದು?”

“ಗಾಯ ಮಾಯೋವರೆಗೆ ಅವರಿಗೆ ರಜೆ ಕೊಡಿ,” ಎಂದೆ ತಮಾಷೆಗೆ.

ಕೊಟ್ಟೇಬಿಟ್ಟರಂತೆ. ಗಿರಿಜಕ್ಕ ಈಗ ದಿನಾ ಬೆಳಗ್ಗೆ ಮಾಲೀಕರ ಹೆಬ್ಬೆರಳಿನ ಕ್ಷೇಮ ವಿಚಾರಿಸಿಕೊಂಡೇ ಕೆಲಸಕ್ಕೆ ಕೂರುತ್ತಾರಂತೆ.