ಅಣ್ಣನ ಠಕಾರ

ಸತ್ತವರ ವಸ್ತು ತಿರುಗಿ ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತಿದ್ದೆ. ಅಂಥ ಮಾತು ಕೇಳುವ ತಾಳ್ಮೆ ನನಗಿರಲಿಲ್ಲ. ಈಗ ನಾನೇ ಅಂಥದ್ದೊಂದನ್ನು ಬರೆಯುತ್ತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ನನ್ನ ಅಣ್ಣ ವಿಠಲ ಬಂಟ್ವಾಳದಲ್ಲಿ ಮರಗೆಲಸ ಮಾಡುತ್ತಿದ್ದ. ನೆರಿಯ ಎಂಬ ಊರಿನ ಮೇಲಿನ ಎಸ್ಟೇಟಿನ ಮ್ಯಾನೇಜರರೊಬ್ಬರು ಒಮ್ಮೆ ಮುರಿದ ತಂಬಾಕಿನ ಪೈಪೊಂದನ್ನು ರಿಪೇರಿಗೆ ಕೊಟ್ಟರು. ಅಣ್ಣ ಅದನ್ನು ಸರಿಮಾಡಿದ್ದಷ್ಟೇ ಅಲ್ಲ, ನೋಡಿ ಕಲಿತು ಬೀಟೆಮರದ ಗಂಟಿನಲ್ಲಿ ಹೊಸದೊಂದನ್ನು ಕೆತ್ತಿದ. ಬಾಯಿಗಿಡುವ ತುದಿಗೆ ಎಮ್ಮೆಯ ಕೊಂಬು. ಆಮೇಲೆ ಮ್ಯಾನೇಜರರು ವರ್ಷಕ್ಕೆ ಐದಾರು ಮಾಡಿಸಿ ಒಯ್ಯುತ್ತಿದ್ದರು. ಯಾರಿಗೆ ಕೊಡುತ್ತಾರೆ, ಏನೆಂದು ಹೇಳಿ ಕೊಡುತ್ತಾರೆ ಎಂದು ಅಣ್ಣ ಕೇಳಲಿಲ್ಲ. ಕೇಳಬೇಕಿತ್ತು.

ಪ್ರತಿ ಪೈಪಿನ ಅಡಿಯಲ್ಲಿ ಅವನು ಒಂದು ‘ಠ’ ಕೊರೆಯುತ್ತಿದ್ದ. ಶಾಲೆಯ ರಿಜಿಸ್ಟರಿನಿಂದ ರೇಷನ್ ಕಾರ್ಡಿನವರೆಗೆ ಎಲ್ಲರೂ ಅವನ ಹೆಸರನ್ನು ‘ವಿಟ್ಲ’ ಎಂದೇ ಬರೆದಿದ್ದರು. “ವಿಟ್ಲ ಅಂದ್ರೆ ಬಸ್ಸು ಹೋಗುವ ಊರು ಮಾರಾಯ, ನಾನು ವಿಠಲ,” ಎಂದು ಜಗಳಕ್ಕೇ ನಿಲ್ಲುತ್ತಿದ್ದ. ಪೈಪಿನಲ್ಲಿ ಪೂರ್ತಿ ಹೆಸರಿಗೆ ಜಾಗವಿಲ್ಲ. ಜನ ತಪ್ಪಾಗಿ ಬರೆಯುವ ಅಕ್ಷರವಾದರೂ ಸರಿಯಾಗಿರಲಿ ಎಂದು ಅದೊಂದನ್ನೇ ಕೊರೆದ. ಅಷ್ಟು ಚಿಕ್ಕದರಲ್ಲಿ ತಲೆಯ ಗೀಟು ಮೂಡುತ್ತಿರಲಿಲ್ಲ. ಒಂದು ಉರುಟು, ನಡುವೆ ಒಂದು ಚುಕ್ಕೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಣ್ಣ ಎದೆಯ ಕಾಯಿಲೆಯಿಂದ ತೀರಿಕೊಂಡ. ಅವನಿಗೆ ಹೆಂಡತಿ ಮಕ್ಕಳಿರಲಿಲ್ಲ. ಬೆಂಕಿ ಕೊಟ್ಟವನು ನಾನೇ.

ಕೆಲವು ವರ್ಷ ಕಳೆದ ಮೇಲೆ, ಅಣ್ಣನ ಜೊತೆ ಮರಗೆಲಸ ಮಾಡುತ್ತಿದ್ದವರೊಬ್ಬರು ಮೂಡುಬಿದಿರೆಯ ಒಬ್ಬ ನಿವೃತ್ತ ಅಧಿಕಾರಿಯ ಮನೆಗೆ ಕಪಾಟು ಮಾಡಲು ಹೋಗಿ ಸುದ್ದಿ ತಂದರು. ಆ ಅಧಿಕಾರಿ ಹಳೆಯ ಪೈಪುಗಳನ್ನು ಸಂಗ್ರಹಿಸುತ್ತಾರೆ, ಅವುಗಳಲ್ಲಿ ಅಣ್ಣನ ಗುರುತಿನವೂ ಇವೆ ಎಂದರು. ನಾನಾಗ ಬೆಳ್ತಂಗಡಿಯ ಒಂದು ಬೀಡಿ ಕಂಪೆನಿಯ ಬ್ರಾಂಚಿನಲ್ಲಿ ಗುಮಾಸ್ತ. ಒಂದು ಭಾನುವಾರ ಬೆಳಿಗ್ಗೆ ಗುರುವಾಯನಕೆರೆಯಿಂದ ಬಸ್ಸು ಹಿಡಿದೆ. ಅವರಿಂದ ನನಗೆ ಪೈಪು ಬೇಡವಾಗಿತ್ತು. ಮಾಡಿದವನ ಹೆಸರನ್ನು ಒಂದು ಕಡೆಯಾದರೂ ಸರಿಯಾಗಿ ಬರೆಯಲಿ ಎಂಬುದಷ್ಟೇ ನನ್ನ ಆಸೆ.

ಅಧಿಕಾರಿ ಮತ್ತು ಅವರ ಸ್ನೇಹಿತರೊಬ್ಬರು ಭೂತಗನ್ನಡಿ, ದಪ್ಪ ಪುಸ್ತಕ ಹರಡಿಕೊಂಡು ಕೂತಿದ್ದರು. ಅಣ್ಣನ ಏಳು ಪೈಪುಗಳು ಸಾಲಾಗಿದ್ದವು. ಪ್ರತಿಯೊಂದಕ್ಕೂ ದಾರದಲ್ಲಿ ಚೀಟಿ: ಡೆನ್ಮಾರ್ಕ್, ಹೆಸರು ತಿಳಿಯದ ಕುಶಲಕರ್ಮಿ, ಸೂರ್ಯನ ಗುರುತು.

“ಅದು ಸೂರ್ಯ ಅಲ್ಲ ಸ್ವಾಮಿ, ಠ. ಕನ್ನಡದ ಠ. ನನ್ನ ಅಣ್ಣ ಮಾಡಿದ್ದು,” ಎಂದೆ.

ಸ್ನೇಹಿತರು ನಾನೆಲ್ಲಿ ಕೆಲಸ ಮಾಡುವುದೆಂದು ಕೇಳಿ ತಿಳಿದು ನಕ್ಕರು. “ಬೀಡಿಯವರು ಪೈಪಿಗೂ ಬಂದ್ರಾ? ನಾಳೆ ನಶ್ಯದವರೂ ಬರ್ತಾರೆ ನೋಡಿ!”

ಅಧಿಕಾರಿ ನಗಲಿಲ್ಲ. “ಗುರುತು ಹಿಡೀತೀರಾದ್ರೆ ಇದನ್ನು ನೋಡಿ. ಹೋದ ತಿಂಗಳು ಮಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು,” ಎಂದು ಎಂಟನೆಯದೊಂದನ್ನು ನನ್ನ ಕೈಗಿಟ್ಟರು.

ಅದು ಅಣ್ಣನ ಕೊನೆಯ ಪೈಪು. ಕತ್ತಿನಲ್ಲಿ ಸೀಳು ಬಂದದ್ದಕ್ಕೆ ಹಿತ್ತಾಳೆ ತಂತಿಯನ್ನು ಮೂರು ಸುತ್ತು ಬಿಗಿದಿದ್ದ. ಕೈ ನಡುಗುತ್ತಿದ್ದುದರಿಂದ ಅಕ್ಷರವನ್ನು ನನ್ನಿಂದ ಕೊರೆಸಿದ್ದ. ನನ್ನ ಉಳಿ ಜಾರಿ ಚುಕ್ಕೆ ಎಡಗಡೆಯ ಗೆರೆಗೆ ಅಂಟಿತ್ತು. “ನಿನ್ನ ಠಕ್ಕೆ ಹೊಟ್ಟೆನೋವು ಉಂಟಲ್ಲ ಮಾರಾಯ,” ಎಂದು ಕೆಮ್ಮುತ್ತ ನಕ್ಕಿದ್ದ. ನಾನು ಜೀವಮಾನದಲ್ಲಿ ಕೊರೆದ ಅಕ್ಷರ ಅದೊಂದೇ.

ಆ ಪೈಪನ್ನು ಅವನ ಎದೆಯ ಮೇಲಿಟ್ಟು ನಾನೇ ಬೆಂಕಿ ಕೊಟ್ಟಿದ್ದೆ. ಕೊಂಬು ಸುಟ್ಟ ವಾಸನೆ ಬಂದಿತ್ತು. ಬೂದಿಯಲ್ಲಿ ಸಿಕ್ಕ ತಂತಿ ನನ್ನ ಟ್ರಂಕಿನಲ್ಲಿತ್ತು. ಈಗ ಕೈಯಲ್ಲಿದ್ದ ಪೈಪಿಗೂ ಮೂರು ಸುತ್ತು ತಂತಿ. ಮರದಲ್ಲಿ ಒಂದು ಸುಟ್ಟ ಕಲೆಯೂ ಇಲ್ಲ. ಅದೇ ಹೊಟ್ಟೆನೋವಿನ ಠ.

ಸುಳ್ಳು ಹೇಳಿದ್ದರೆ ಗೆಲ್ಲುತ್ತಿದ್ದೆನೋ ಏನೋ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

“ಸುಟ್ಟದ್ದು ಇಲ್ಲಿ ಹೇಗೆ ಉಂಟು ಮಾರಾಯ್ರೆ?” ಎಂದರು ಅಧಿಕಾರಿ. “ಇದು ನಿಮ್ಮ ಅಣ್ಣನದ್ದಲ್ಲ ಅಂತ ನೀವೇ ಹೇಳಿದ ಹಾಗಾಯ್ತಲ್ಲ. ಇದು ಅಲ್ಲದಿದ್ರೆ ಉಳಿದದ್ದೂ ಅಲ್ಲ.”

ಅವರು ಪೈಪನ್ನು ನನ್ನ ಕೈಯಿಂದ ತೆಗೆದು, ನಾನು ಮುಟ್ಟಿದಲ್ಲೆಲ್ಲ ಬಟ್ಟೆಯಿಂದ ಒರೆಸಿ, ಅದಕ್ಕೂ ಡೆನ್ಮಾರ್ಕಿನ ಚೀಟಿ ಕಟ್ಟಿದರು.

ಮನೆಗೆ ಬಂದು ಟ್ರಂಕು ತೆಗೆದೆ. ತಂತಿ ಇತ್ತು, ಕರಿದಾಗಿ, ಇಟ್ಟ ಹಾಗೆಯೇ. ಇದು ಹೇಗಾಯಿತೆಂದು ನನಗೆ ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ. ಆ ಅಧಿಕಾರಿಯ ಮೇಲೆ, ಮಾಡಿದವನ ಹೆಸರು ಹೇಳದೆ ಪೈಪು ಕೊಟ್ಟ ಮ್ಯಾನೇಜರರ ಮೇಲೆ ನನಗೆ ಸಿಟ್ಟಿದೆ. ಆದರೆ ಎಲ್ಲರಿಗಿಂತ ಹೆಚ್ಚು ಸಿಟ್ಟು ಅಣ್ಣನ ಮೇಲೆ. ಬೆಂಕಿಯನ್ನು ದಾಟಿ ಬರುವ ಶಕ್ತಿ ಇದ್ದವನು ನಮ್ಮ ಮನೆಗೆ ಬರಬಹುದಿತ್ತು. ತನ್ನ ಅಕ್ಷರ ಓದಲಾರದವರ ಕಪಾಟಿಗೆ ಯಾಕೆ ಹೋದ?