ಸಿಗರೇಟು ಬಿಟ್ಟ ಮೇಲೆ ಕೋಟಣ್ಣನ ಕೆಮ್ಮು

ಕೋಟು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಆ ಟೈಲರನ್ನು ಊರೆಲ್ಲ ಕರೆಯುತ್ತಿದ್ದುದೇ ಕೋಟಣ್ಣ ಎಂದು. ಬಟ್ಟೆಗೆ ಕಿಡಿ ಹಾರೀತೆಂದು ನಲವತ್ತು ವರ್ಷ ಅಂಗಡಿಯ ಬಾಗಿಲಾಚೆ ನಿಂತೇ ಸಿಗರೇಟು ಸೇದಿದರು. ಬಟ್ಟೆಯ ಮೇಲಿದ್ದ ಆ ಕಾಳಜಿ ಎದೆಯ ಮೇಲಿರಲಿಲ್ಲ.

ಅರವತ್ತೆರಡನೇ ವಯಸ್ಸಿನಲ್ಲಿ ಒಂದು ದಿನ, ಮದುಮಗನೊಬ್ಬನ ಭುಜದ ಅಳತೆ ತೆಗೆಯುವಾಗ ಉಸಿರು ಸಿಕ್ಕದೆ ಅವನ ಎದೆಗೇ ಒರಗಿಬಿಟ್ಟರು. ಗಿರಾಕಿಯೇ ಹಿಡಿದು ಕೂರಿಸಿ ನೀರು ಕುಡಿಸಿದ. ಆ ನಾಚಿಕೆಗೆ ಪ್ಯಾಕೆಟ್ಟನ್ನು ಚರಂಡಿಗೆಸೆದರು.

ಹಿಗ್ಗಿದವರು ಅಕ್ಕ. ಗಂಡ ತೀರಿಕೊಂಡ ಮೇಲೆ ತಮ್ಮನ ಜೊತೆಗಿದ್ದ ಆಕೆ ಅಂಗಡಿಯಲ್ಲಿ ಕಾಜಾ ಹೊಲಿದು, ಗುಂಡಿ ಹಾಕಿ, ಬಿಡುವಾದಾಗಲೆಲ್ಲ ಅವರನ್ನು ಬೈಯುತ್ತಿದ್ದರು.

ಆದರೆ ಬಿಟ್ಟ ತಿಂಗಳಿಗೇ ಕೆಮ್ಮು ಹೆಚ್ಚಾಯಿತು. ಬೆಳಗೆದ್ದರೆ ಕಫ. "ಸೇದುವಾಗ್ಲೇ ಚೆನ್ನಾಗಿದ್ದೆ" ಎಂದು ಗೊಣಗುತ್ತಿದ್ದ ತಮ್ಮನನ್ನು ಅಕ್ಕ ಡಾಕ್ಟರಮ್ಮನ ಹತ್ತಿರ ಎಳೆದೊಯ್ದರು.

ಡಾಕ್ಟರಮ್ಮ ಕೊಳವೆಯೊಂದರಲ್ಲಿ ಜೋರಾಗಿ ಊದಿಸಿ ನೋಡಿದರು. "ಉಸಿರಿನ ನಾಳದ ಒಳಗೆಲ್ಲ ಊತ ಇದೆ. ಕಫ ಹೊರಗೆ ತಳ್ಳೋ ಸಣ್ಣ ಕೂದಲು ಅಲ್ಲಿರುತ್ತೆ. ಹೊಗೆಗೆ ಮಂಕಾಗಿದ್ದವು ಈಗ ಕೆಲಸ ಶುರು ಮಾಡಿರಬಹುದು. ಈ ಕೆಮ್ಮು ಕಮ್ಮಿಯಾಗುತ್ತೆ."

"ಊತ?" ಎಂದರು ಕೋಟಣ್ಣ.

"ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಬಿಟ್ಟು ವರ್ಷಗಳಾದ್ರೂ ಎಷ್ಟೋ ಜನಕ್ಕೆ ಒಳಗೆ ಉಳಿದಿರುತ್ತೆ. ಆದ್ರೆ ಶ್ವಾಸಕೋಶ ಸವೆಯೋ ವೇಗ ತಗ್ಗುತ್ತೆ. ಮತ್ತೆ ಸೇದಿದ್ರೆ ಉಳಿದಿರೋದೂ ಬೇಗ ಹೋಗುತ್ತೆ."

ಕೋಟಣ್ಣನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ವಾಪಸು ಬರುವಾಗ ಮೂಲೆಯಂಗಡಿಯಲ್ಲಿ ಒಂದು ಸಿಗರೇಟು ಕೊಂಡರು. "ಊತ ಹೋಗಲ್ಲ ಅಂದ್ಮೇಲೆ ಇನ್ಯಾಕೆ ಬಿಡ್ಲಿ?"

ಅಕ್ಕ ಅದನ್ನು ಅವರ ಕೈಯಿಂದ ತೆಗೆದು ತಾವೇ ತುಟಿಗಿಟ್ಟುಕೊಂಡರು. "ಹಚ್ಚು."

"ಅಕ್ಕಾ! ಏನಿದು?"

"ನೀನು ಹೋದ್ಮೇಲೆ ನಾನು ಯಾರನ್ನ ಬೈಕೊಂಡಿರ್ಲಿ? ಒಟ್ಟಿಗೇ ಹೋಗೋಣ, ಹಚ್ಚೋ."

ಎಪ್ಪತ್ತು ದಾಟಿದ ಅಕ್ಕನ ಬೊಚ್ಚುಬಾಯಲ್ಲಿ ಸಿಗರೇಟು ಹಿಂದುಮುಂದಾಗಿತ್ತು. ಕೋಟಣ್ಣನಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಕೆಮ್ಮಿ, ಕಣ್ಣೊರೆಸಿಕೊಂಡು, ಅದನ್ನು ಕಿತ್ತು ಪುಡಿ ಮಾಡಿದರು. ಅಕ್ಕ ಮಾತ್ರ ನಗಲಿಲ್ಲ. ತಮ್ಮ ಅವರ ಕೈ ಹಿಡಿದುಕೊಂಡೇ ಮನೆಯವರೆಗೆ ನಡೆದರು.

ಮೂರ್ನಾಲ್ಕು ತಿಂಗಳಲ್ಲಿ ಕಫ ಕಡಿಮೆಯಾಯಿತು. ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿ ತಪ್ಪಲಿಲ್ಲ; ಏರು ಹತ್ತಿದರೆ ಏದುಸಿರು ಈಗಲೂ ಇದೆ. ವರ್ಷದ ಮೇಲೆ ಮತ್ತೆ ಊದಿಸಿದಾಗ ಹಿಂದಿನ ಅಂಕಿಯೇ ಬಂತು.

"ಒಂಚೂರೂ ಮೇಲೆ ಹೋಗಿಲ್ವಾ ಡಾಕ್ಟ್ರೇ?"

"ಕೆಳಗೂ ಇಳಿದಿಲ್ಲ. ನನಗೆ ಅದೇ ಖುಷಿ."

ಆ ಸಂಜೆ ಅಕ್ಕ-ತಮ್ಮ ಇಬ್ಬರೂ ಬಸ್ಸು ಹತ್ತದೆ ನಡೆದೇ ಹೊರಟರು. ದಾರಿಯಲ್ಲಿ ಎರಡು ಸಲ ನಿಂತರು. ಎರಡನೇ ಸಲ ನಿಂತದ್ದು ಅಕ್ಕನ ಮಂಡಿನೋವಿಗೆ.