ಬಣ್ಣ ಹೊಡೆದ ಮನೆಗಳು

ಮನೆಗೆ ಸುಣ್ಣ ಬಿತ್ತೆಂದರೆ ಆ ಮನೆಯಲ್ಲಿ ಮದುವೆ ಇದೆ ಎಂದೇ ತಿಳಿದು ಬೆಳೆದವಳು ನಾನು. ನಮ್ಮ ಮಡಿಕೇರಿಯಲ್ಲಿ ಸುಮ್ಮಸುಮ್ಮನೆ ಯಾರೂ ಗೋಡೆಗೆ ಸುಣ್ಣ ಹೊಡೆಸುತ್ತಿರಲಿಲ್ಲ. ಹೊಡೆಸಿದರೂ ಎಷ್ಟು ದಿನ ನಿಂತೀತು? ಜೂನಿನಲ್ಲಿ ಹಿಡಿದ ಮಳೆ ಬಿಡುವಷ್ಟರಲ್ಲಿ ಗೋಡೆಯೆಲ್ಲ ಪಾಚಿ. ಮೇ ತಿಂಗಳಲ್ಲಿ ಬೆಟ್ಟದ ಮೇಲಿನ ಆ ಪುಟ್ಟ ಊರಿಗೆ ಊರೇ ಏಣಿ ಹತ್ತುತ್ತಿತ್ತು. ಒಬ್ಬರು ಹೆಂಚು ಸರಿಮಾಡಿದರೆ ಇನ್ನೊಬ್ಬರು ತಗಡಿನ ತೂತಿಗೆ ಟಾರು ಬಳಿಯುತ್ತಿದ್ದರು, ಸೌದೆ ಒಳಗೆ ಸಾಗಿಸುತ್ತಿದ್ದರು. ಅದು ಮಳೆಗೆ ಹೆದರಿ ಮಾಡುವ ಕೆಲಸ. ಸುಣ್ಣ ಮಾತ್ರ ಮದುವೆಗೆ. ಯಾರ ಮನೆಯ ಮುಂದಾದರೂ ಸುಣ್ಣ ಕಲಸಿಟ್ಟ ಡಬ್ಬ ಕಂಡರೆ ಅಮ್ಮ ಬೇಲಿಯಾಚೆಯಿಂದಲೇ "ಹುಡುಗ ಎಲ್ಲಿಯವನು?" ಎಂದು ಕೇಳುತ್ತಿದ್ದಳು.

ಈ ತಿಳಿವಳಿಕೆಯನ್ನು ಕಟ್ಟಿಕೊಂಡು ನಾನು ಡೆಟ್ರಾಯ್ಟಿಗೆ ಬಂದೆ. ಜೊತೆಗೆ ನನ್ನ ಅನುಮಾನದ ಬುದ್ಧಿಯೂ ಬಂತು. "ಹಾಲಿನವನು ನಕ್ಕರೂ ನಿನಗೆ ಅನುಮಾನ, ನಗದೇ ಇದ್ದರೂ ಅನುಮಾನ" ಎಂದು ಇವರು, ಅಂದರೆ ನನ್ನ ಗಂಡ, ರೇಗಿಸುತ್ತಿದ್ದರು. ಅದೇನೂ ಸುಳ್ಳಲ್ಲ.

ಅರವತ್ತೊಂಬತ್ತರ ಕೊನೆಯಲ್ಲಿ, ಎಲೆ ಉದುರುವ ಕಾಲದಲ್ಲಿ, ಊರಿನ ವಾಯವ್ಯ ಮೂಲೆಯಲ್ಲಿ ಒಂದು ಇಟ್ಟಿಗೆ ಮನೆ ಕೊಂಡೆವು. ಇವರು ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ಮಗಳು ಆಗಿನ್ನೂ ಮೂರು ವರ್ಷದವಳು. ಆ ಬೀದಿಯಲ್ಲಿ ನಾವೊಬ್ಬರೇ ನಮ್ಮ ಬಣ್ಣದವರು, ಮಿಕ್ಕವರೆಲ್ಲ ಬಿಳಿಯರು. ಮನೆ ಎನ್ನುವುದು ಅಲ್ಲಿ ವರ್ಷವಿಡೀ ಸೇವೆ ಮಾಡಿಸಿಕೊಳ್ಳುವ ಅತ್ತೆಯ ಹಾಗೆ. ಉದುರಿದ ಎಲೆ ಗುಡಿಸಿ ರಸ್ತೆಯ ಅಂಚಿಗೆ ರಾಶಿ ಹಾಕಬೇಕು, ಸೂರಿನ ದೋಣಿಯಲ್ಲಿ ಸಿಕ್ಕಿಕೊಂಡ ಕೊಳೆತ ಎಲೆ ಕೈಯಲ್ಲೇ ತೆಗೆಯಬೇಕು, ಚಳಿ ಬೀಳುವ ಮೊದಲು ಪ್ರತಿ ಕಿಟಕಿಗೂ ಹೊರಗಿನಿಂದ ಇನ್ನೊಂದು ಗಾಜಿನ ಕಿಟಕಿ ತಗುಲಿಹಾಕಬೇಕು. ಏಪ್ರಿಲ್ ಬಂದರೆ ಅದನ್ನು ಇಳಿಸಿ ಸೊಳ್ಳೆಯ ಜಾಲರಿ ಏರಿಸಬೇಕು. ಇವರಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇರಲಿಲ್ಲ. ಪಕ್ಕದ ಮನೆಯ ಮುದುಕ, ಫ್ಯಾಕ್ಟರಿಯಿಂದ ರಿಟೈರ್ ಆದವನು, ತನ್ನ ಮರದ ಏಣಿ ಹೊತ್ತು ತಂದು ನಮ್ಮ ಕಿಟಕಿಗಳನ್ನೆಲ್ಲ ಏರಿಸಿಕೊಟ್ಟ. ಕೇಳದೆ ಬಂದು ಇಷ್ಟೊಂದು ಯಾಕೆ ಮಾಡುತ್ತಾನೆ ಎಂದು ನನಗೆ ಅನುಮಾನ. ಏಣಿಯ ಮೇಲಿಂದ ನನ್ನ ಅಡುಗೆಮನೆ ನೋಡುವುದಕ್ಕೇ ಇರಬೇಕು ಎಂದುಕೊಂಡೆ. ಅವನು ನೋಡಿದ್ದೂ ನಿಜ. "ಆ ಕಲ್ಲು ಏನು?" ಎಂದು ಒರಳುಕಲ್ಲನ್ನು ತೋರಿಸಿ ಕೇಳಿದ್ದ.

ಮುಂದಿನ ವಸಂತದಲ್ಲಿ ಎದುರುಮನೆಯವರು ಏಣಿ ಹತ್ತಿದರು. ಕಿಟಕಿಯ ಕಟ್ಟು, ಸೂರಿನ ಹಲಗೆ, ಮುಂದಿನ ಜಗುಲಿಯ ಕಂಬ, ಗ್ಯಾರೇಜಿನ ಬಾಗಿಲು, ಎಲ್ಲಕ್ಕೂ ಹೊಸ ಬಿಳಿ ಬಣ್ಣ. ಮೆಟ್ಟಿಲ ಪಕ್ಕದಲ್ಲಿ ಹೊಸ ಹೂವಿನ ಗಿಡ ಬೇರೆ. ಆ ಮನೆಯಲ್ಲಿ ಇಪ್ಪತ್ತು ದಾಟಿದ ಮಗಳಿದ್ದಳು. ನನಗೆ ಇನ್ನೇನು ಬೇಕು? ಕೊಬ್ಬರಿ ಮಿಠಾಯಿ ಮಾಡಿ, ಅಪ್ಪನ ಹೆಸರು ಕೆತ್ತಿಸಿದ ನನ್ನ ತವರಿನ ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ, ಒಳ್ಳೆ ಸೀರೆಯುಟ್ಟು ರಸ್ತೆ ದಾಟಿದೆ. ಬಾಗಿಲು ತೆಗೆದ ಆಕೆಗೆ ಶುಭಾಶಯ ಹೇಳಿ, ಮದುವೆ ಯಾವಾಗ ಎಂದು ಕೇಳಿದೆ.

ಆಕೆಯ ಮುಖ ಕತ್ತಿನವರೆಗೂ ಕೆಂಪಾಯಿತು. "ಯಾವ ಮದುವೆ?" ಎಂದಳು. ತಟ್ಟೆ ತೆಗೆದುಕೊಂಡಳು. ಒಳಗೆ ಕರೆಯಲಿಲ್ಲ. ಹದಿನೈದು ದಿನವೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಸಾಮಾನು ಸಾಗಿಸುವ ಲಾರಿ ಬಂದು ನಿಂತಿತು. ಮಧ್ಯಾಹ್ನದೊಳಗೆ ಮನೆ ಖಾಲಿ. ಯಾರೂ ಈ ಕಡೆ ತಿರುಗಿ ಕೈ ಬೀಸಲಿಲ್ಲ. ತಟ್ಟೆಯೂ ಹೋಯಿತು. ಅಪ್ಪನ ಹೆಸರಿದ್ದ ತಟ್ಟೆ ಅದು, ನನಗೆ ಬಹಳ ಹೊಟ್ಟೆ ಉರಿಯಿತು.

"ಮಾರೋದಿಕ್ಕೆ ಅಂತ ಬಣ್ಣ ಹೊಡೆದಿದಾರೆ ಕಣೇ. ಇಲ್ಲಿ ಹಾಗೇ" ಎಂದು ಇವರು ನಕ್ಕರು. ಹದಿನೈದು ದಿನದ ಹಿಂದೆಯೇ ಹೇಳಬಹುದಿತ್ತಲ್ಲ ಎಂದರೆ, "ನೀನು ಕೇಳಿದ್ಯಾ?" ಎಂದರು.

ಆ ಮನೆಗೆ ಬಂದದ್ದು ಒಂದು ಕಪ್ಪು ಜನರ ಸಂಸಾರ. ಗಂಡನಿಗೆ ಪೋಸ್ಟ್ ಆಫೀಸಿನಲ್ಲಿ ಕೆಲಸ, ಹೆಂಡತಿ ನರ್ಸ್. ಬಂದ ವಾರದಲ್ಲೇ ಆಕೆ ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ನನ್ನ ಸ್ಟೀಲ್ ತಟ್ಟೆ, ಅದರ ತುಂಬ ಕೇಕು. "ಅಡುಗೆಮನೆಯ ಕಪಾಟಿನಲ್ಲಿ ಬಿಟ್ಟು ಹೋಗಿದ್ದರು" ಎಂದಳು. "ಈ ಅಕ್ಷರ ನಿಮ್ಮದೇ ಇರಬೇಕು ಅನ್ನಿಸಿತು." ನಾನು ತಟ್ಟೆ ತೆಗೆದುಕೊಂಡು, ಇವಳಿಗೆ ನಮ್ಮಿಂದ ಏನು ಬೇಕಾಗಿರಬಹುದು ಎಂದು ಯೋಚಿಸುತ್ತ ನಿಂತೆ. ಆದರೆ ಖಾಲಿ ತಟ್ಟೆ ಹಿಂದಿರುಗಿಸುವ ಪದ್ಧತಿ ಅವಳಲ್ಲೂ ಇರಲಿಲ್ಲ, ನಮ್ಮಲ್ಲಂತೂ ಇಲ್ಲವೇ ಇಲ್ಲ. ಕೇಕಿಗೆ ಬದಲಾಗಿ ಚಕ್ಕುಲಿ ಹೋಯಿತು, ಚಕ್ಕುಲಿಗೆ ಬದಲಾಗಿ ಜೋಳದ ರೊಟ್ಟಿಯಂಥದೊಂದು ಬಂತು. ತಟ್ಟೆ ರಸ್ತೆ ದಾಟುತ್ತಲೇ ಇತ್ತು.

ನನಗೆ ಆ ದೇಶದಲ್ಲಿ ಸಿಕ್ಕ ಮೊದಲ ಗೆಳತಿ ಅವಳು. ಇವರು ಕಂಪನಿ ಕೆಲಸಕ್ಕೆ ಷಿಕಾಗೋಗೆ ಹೋಗಿದ್ದಾಗ, ಮೊಣಕಾಲುದ್ದ ಹಿಮ ಬಿದ್ದ ಒಂದು ಮಧ್ಯಾಹ್ನ, ಮಗಳಿಗೆ ಕೆಮ್ಮು ಹತ್ತಿ ಉಸಿರೇ ಎಳೆಯಲಾರದಂತಾಯಿತು. ನಾನು ಫೋನು ಇಟ್ಟು ಬಾಗಿಲು ತೆಗೆಯುವುದರೊಳಗೆ ಅವಳು ಬೂಟು ಹಾಕಿಕೊಂಡು ರಸ್ತೆ ದಾಟಿದ್ದಳು. ಬಚ್ಚಲಿನಲ್ಲಿ ಬಿಸಿನೀರು ಬಿಟ್ಟು, ಬಾಗಿಲು ಮುಚ್ಚಿ, ಆ ಹಬೆಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಸಿರು ಸರಿಹೋಗುವ ತನಕ ಹಾಡು ಗುನುಗುತ್ತಿದ್ದಳು. ಅವತ್ತಿನಿಂದ ಅವಳೊಬ್ಬಳ ವಿಷಯದಲ್ಲಿ ನನ್ನ ಅನುಮಾನದ ಬುದ್ಧಿ ಬಾಯಿ ಮುಚ್ಚಿಕೊಂಡಿತು.

ಮಿಕ್ಕವರ ವಿಷಯದಲ್ಲಿ ಮಾತ್ರ ಅದು ಇಮ್ಮಡಿಯಾಯಿತು. ಏಪ್ರಿಲ್ ಬಂದರೆ ಸಾಕು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬೀದಿ ಕಾಯುತ್ತಿದ್ದೆ. ಎಲ್ಲಾದರೂ ಸುತ್ತಿಗೆಯ ಸದ್ದು ಕೇಳಿದರೆ ಕಿಟಕಿಗೆ ಓಡುತ್ತಿದ್ದೆ. ಸಡಿಲವಾದ ಹಲಗೆಗೆ ಮೊಳೆ ಹೊಡೆಯುತ್ತಿದ್ದಾರೋ, ಇಲ್ಲ ಮನೆ ಮಾರುತ್ತಿದ್ದಾರೋ? ಯಾರಾದರೂ ಕಾರು ನಿಲ್ಲಿಸುವ ದಾರಿಗೆ ಕಪ್ಪು ಟಾರು ಬಳಿದರೆ ಆ ಮನೆ ಲೆಕ್ಕದಿಂದ ಹೋಯಿತೆಂದೇ ತಿಳಿಯುತ್ತಿದ್ದೆ. ಹೆಚ್ಚಿನ ಸಲ ನನ್ನ ಎಣಿಕೆ ಸರಿಯಾಗುತ್ತಿತ್ತು. ಕಾರಣ ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಮಕ್ಕಳಿಗೆ ಒಳ್ಳೆ ಸ್ಕೂಲು ಬೇಕು. ಕಪ್ಪು ಜನ ಬಂದರು ಎಂದು ಬಾಯಿಬಿಟ್ಟು ಹೇಳುವವರಿಲ್ಲ. ನಗುತ್ತ ಮಾತಾಡಿಸುತ್ತಲೇ ಒಳಗೊಳಗೇ ಗಂಟು ಕಟ್ಟುತ್ತಿದ್ದರು. ಪಕ್ಕದ ಮುದುಕ ಮೆಟ್ಟಿಲಿಗೆ ಸಿಮೆಂಟು ಬಳಿಯುವಾಗ ನೇರವಾಗಿ ಕೇಳಿಯೇಬಿಟ್ಟೆ. "ನನ್ನನ್ನು ಇಲ್ಲಿಂದ ಹೆಣವಾಗಿ ಹೊತ್ತೇ ಸಾಗಿಸಬೇಕು" ಎಂದ. ಆ ಬೇಸಿಗೆ ಮುಗಿಯುವ ಮೊದಲೇ ಅವನೂ ಹೋದ. ಹೋಗುವಾಗ ಏಣಿಯನ್ನು ಇವರಿಗೆ ಕೊಟ್ಟ. ನನ್ನ ಕಣ್ಣು ತಪ್ಪಿಸಿಯೇ ಕೊಟ್ಟ.

ಗೆಳತಿಗೆ ಒಂದು ದಿನ ನನ್ನ ಕೊಬ್ಬರಿ ಮಿಠಾಯಿಯ ಕಥೆ ಹೇಳಿದೆ. ಅವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲಿಂದ ಬೀದಿಯಲ್ಲಿ ಯಾರ ಮನೆಗೆ ಏಣಿ ಬಿದ್ದರೂ ಆ ಕಡೆಯಿಂದ ನನಗೆ ಕೇಳುವಂತೆ "ವೆಡ್ಡಿಂಗ್?" ಎಂದು ಕೂಗುತ್ತಿದ್ದಳು. ಅದು ನಮ್ಮಿಬ್ಬರ ತಮಾಷೆಯಾಯಿತು. ಆದರೆ ಆ ದಿನ ನಕ್ಕು ಮುಗಿದ ಮೇಲೆ ಅವಳು ಕೇಳಿದ್ದು ಬೇರೆ.

"ಅವರು ಬಣ್ಣ ಹೊಡೆದಾಗ ನಾವಿನ್ನೂ ಬಂದಿರಲಿಲ್ಲವಲ್ಲ. ಬೀದಿಗೆ ಹೊಸದಾಗಿ ಬಂದಿದ್ದವರು ಯಾರು?"

ನಾವು. ನನಗೆ ಅದು ಅಲ್ಲಿಯತನಕ ಹೊಳೆದೇ ಇರಲಿಲ್ಲ. ಹಾಲಿನವನ ನಗುವನ್ನೂ ಬಿಡದೆ ಅನುಮಾನಿಸಿದವಳು, ಜನ ನನ್ನನ್ನು ನೋಡಿಯೇ ಓಡಿರಬಹುದು ಎಂದು ಅನುಮಾನಿಸಿರಲಿಲ್ಲ. ಅವತ್ತು ರಾತ್ರಿ ಇವರಿಗೆ ಹೇಳಿದರೆ, "ಛೇ, ನಮ್ಮನ್ನ ಯಾಕೆ ಆ ಲೆಕ್ಕಕ್ಕೆ ಸೇರಿಸ್ತೀಯ?" ಎಂದು ಸಿಡುಕಿದರು. ಆ ಸಿಡುಕು ನನಗೆ ಹಿಡಿಸಲಿಲ್ಲ.

ತಿಂಗಳಿಗೊಮ್ಮೆ ಊರಾಚೆಯ ಪ್ಲಿಮತ್‌ನಲ್ಲಿ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಕನ್ನಡದವರು ಸೇರುತ್ತಿದ್ದೆವು. ಬಿಸಿಬೇಳೆಭಾತಿನ ತಟ್ಟೆ ಕೈಗೆ ಬರುವ ಮೊದಲೇ ವಿಚಾರಣೆ ಶುರು. ಧಾರವಾಡದ ಡಾಕ್ಟರೊಬ್ಬರು ಪ್ರತಿ ಸಲವೂ ಇವರ ಹೆಗಲ ಮೇಲೆ ಕೈ ಹಾಕುತ್ತಿದ್ದರು.

"ಯಾಕ್ರೀ, ಇನ್ನೂ ಅಲ್ಲೇ ಅದೀರೇನು? ಮಂದಿ ಎಲ್ಲಾ ಖಾಲಿ ಮಾಡ್ಕೊಂಡು ಹೊಂಟಾರ, ನೀವೇನು ಕಾವಲು ಕುಂತೀರಿ?"

ಇವರು ನಗುತ್ತಿದ್ದರು. ನನ್ನ ಕಡೆ ನೋಡುತ್ತಿರಲಿಲ್ಲ. ನಾನಂತೂ ಮೊದಲೇ ಹೇಳಿದ್ದೆ, ಈ ಮನೆ ಬಿಟ್ಟು ನಾನು ಬರುವುದಿಲ್ಲ ಎಂದು. ಒಂದು ಭಾನುವಾರ ಊಟ ಮುಗಿಸಿ ಮನೆಗೆ ಬರುವಾಗ ಇವರು ಬೇರೆ ದಾರಿ ಹಿಡಿದು, ಊರಾಚೆ ಹೊಸ ಮನೆಗಳು ಏಳುತ್ತಿದ್ದ ಫಾರ್ಮಿಂಗ್ಟನ್ ಹಿಲ್ಸ್ ಕಡೆ ಕಾರು ತಿರುಗಿಸಿದರು. ಪೆಟ್ರೋಲಿಗೆ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ನಮ್ಮವರೋ ಸುಮ್ಮನೆ ಇಂಜಿನ್ ಓಡುತ್ತಿದ್ದರೂ ಸಂಕಟಪಡುವ ಮನುಷ್ಯ.

"ಹೆಸರಲ್ಲೇ ಬೆಟ್ಟ ಇದೆ ನೋಡು. ನಿಂಗೆ ಮಡಿಕೇರಿ ಥರಾನೇ ಅನ್ಸುತ್ತೆ" ಎಂದರು.

"ಈ ದಿಣ್ಣೆ ಬೆಟ್ಟ ಆದ್ರೆ ನಮ್ಮೂರ ಬಸ್ ಸ್ಟ್ಯಾಂಡು ಹಿಮಾಲಯ ಕಣ್ರೀ" ಎಂದೆ. ಹಿಂದಿನ ಸೀಟಿನಿಂದ ಮಗಳು, "ಆರ್ ವಿ ಮೂವಿಂಗ್?" ಎಂದು ಕೇಳಿದಳು. ಇವರು ರೇಡಿಯೊ ಹಾಕಿದರು.

ಆಮೇಲೆ ಷೂ. ಇವರ ಆಫೀಸಿನ ತುಂಬ ಕಾರ್ಪೆಟ್ಟು, ಹೊರಗೆಲ್ಲ ಸಿಮೆಂಟು. ಆದರೆ ಮಾರ್ಚ್ ತಿಂಗಳಲ್ಲಿ ಮಂಗಳವಾರ, ಗುರುವಾರ ತಡವಾಗಿ ಬರತೊಡಗಿದರು, ಷೂ ತಳದಲ್ಲಿ ಹಳದಿ ಜೇಡಿಮಣ್ಣು. ಹೊಸದಾಗಿ ಅಗೆದ ಪಾಯದ ಮಣ್ಣು ಅದು. ಹುಲ್ಲು ಬೆಳೆದ ನಮ್ಮ ಬೀದಿಯಲ್ಲಿ ಎಲ್ಲಿ ಹುಡುಕಿದರೂ ಸಿಗುವಂಥದ್ದಲ್ಲ. ಕೇಳಿದರೆ "ಪಾರ್ಕಿಂಗ್ ಲಾಟ್ ರಿಪೇರಿ ಮಾಡ್ತಿದಾರೆ" ಎಂದರು. ಕೇಳುವ ಮೊದಲೇ ಉತ್ತರ ಸಿದ್ಧವಾಗಿತ್ತು. ನಾನು ಷೂ ತೊಳೆದಿಟ್ಟೆ. ನೇರವಾಗಿ ಕೇಳಿಬಿಟ್ಟರೆ ಹೌದು ಎಂದುಬಿಡುತ್ತಾರೋ ಎಂಬ ಭಯ ನನಗೆ.

ಏಪ್ರಿಲಿನ ಒಂದು ಶನಿವಾರ ಬೆಳಿಗ್ಗೆ ಗೋಡೆಗೆ ಏನೋ ತಾಗಿದ ಸದ್ದಾಯಿತು. ಹೊರಗೆ ಬಂದು ನೋಡಿದರೆ ಮುದುಕ ಕೊಟ್ಟು ಹೋದ ಏಣಿ, ಅದರ ಮೇಲೆ ಇವರು. ಒಂದು ಮೊಳೆಯನ್ನೂ ತಾವಾಗಿ ಹೊಡೆಯದ ಮನುಷ್ಯ ಸೂರಿನ ಹಲಗೆಯ ಹಳೆ ಬಣ್ಣ ಕೆರೆಯುತ್ತಿದ್ದರು. ಕೆಳಗೆ ಹೊಸ ಡಬ್ಬಗಳು.

"ಏನ್ರೀ ಇದು?"

"ಎಷ್ಟು ವರ್ಷದಿಂದ ಮಾಡಿ ಅಂತಿದ್ಯಲ್ಲ, ಮಾಡ್ತಿದೀನಿ."

"ನಾನು ಹೇಳಿದ್ದು ನೀಲಿ."

"ಬಿಳಿ ಆದ್ರೆ ಎಲ್ಲರಿಗೂ ಹಿಡಿಸುತ್ತೆ."

ಎಲ್ಲರಿಗೂ ಎಂದರೆ ಯಾರಿಗೆ? ಮನೆಯಲ್ಲಿ ಇದ್ದವರು ನಾವು ಮೂವರು. ಇಷ್ಟು ವರ್ಷ ಬೇರೆಯವರ ಮನೆಯ ಏಣಿ ಕಾದವಳಿಗೆ ಸ್ವಂತ ಮನೆಯ ಏಣಿ ಕಾಣಿಸಿದ್ದು ಕೊನೆಗೆ. ಬೀದಿಗೆ ಕೇಳುವಂತೆ ಜಗಳವಾಡಬಾರದೆಂದು ಡಬ್ಬದ ಮೇಲಿನ ಹೆಸರು ಓದುತ್ತ ನಿಂತೆ.

ಅಷ್ಟರಲ್ಲಿ ಅವಳು ರಸ್ತೆ ದಾಟುತ್ತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಕೇಕು. ಹತ್ತಿರ ಬಂದು ಏಣಿ ನೋಡಿದಳು, ಡಬ್ಬ ನೋಡಿದಳು. ಆಮೇಲೆ ನನ್ನ ಮುಖ ನೋಡಿ ಎಂದಿನಂತೆಯೇ ಕೇಳಿದಳು.

"ವೆಡ್ಡಿಂಗ್?"

ತುಟಿಯ ಮೇಲೆ ನಗುವಿತ್ತು. ಕಣ್ಣಿನಲ್ಲಿ ಇರಲಿಲ್ಲ. ಆ ನೋಟ ನನಗೆ ಚೆನ್ನಾಗಿ ಗೊತ್ತು, ವರ್ಷಗಟ್ಟಲೆ ಬೀದಿಯನ್ನು ನಾನು ನೋಡಿದ್ದು ಅದೇ ಕಣ್ಣಿನಿಂದ.

ನಾನು ತಲೆಯೆತ್ತಿದೆ. "ಕೇಳ್ತಿದಾರೆ ರೀ. ಏನು ಹೇಳ್ಲಿ?"

ಇವರು ಕೆರೆಯುವುದನ್ನು ನಿಲ್ಲಿಸಿದರು. ಕೆಳಗೆ ನೋಡಲಿಲ್ಲ. "ಹೂಂ ಅನ್ನು. ಮದುವೆ ಅಂತ ಹೇಳು."

ಅಲ್ಲಿಗೆ ನನ್ನ ಅನುಮಾನವೆಲ್ಲ ಮುಗಿಯಿತು. ಮೆಟ್ಟಿಲ ಮೇಲೆ ಮಗಳು ಬೊಂಬೆಯ ತಲೆ ಬಾಚುತ್ತಿದ್ದಳು, ಎಂಟು ವರ್ಷದ ಹುಡುಗಿ. ಆ ಮನೆಯಲ್ಲಿ ಮದುವೆಯಾಗಲು ಇನ್ಯಾರಿದ್ದರು? ಗೆಳತಿಗೆ ಕನ್ನಡ ಬರುವುದಿಲ್ಲ, ನಾನು ಏನು ಹೇಳಿದರೂ ನಡೆಯುತ್ತಿತ್ತು.

"ಮದುವೆ ಅಂತ ಹೇಳು ಅಂತಿದಾರೆ" ಎಂದು ಇದ್ದದ್ದನ್ನು ಇದ್ದ ಹಾಗೆ ಇಂಗ್ಲಿಷಿನಲ್ಲಿ ಹೇಳಿದೆ.

ಏಣಿ ಒಮ್ಮೆ ಕಿರ್ರೆಂದಿತು. ಅವಳು ಮೆಟ್ಟಿಲ ಮೇಲಿದ್ದ ಮಗಳನ್ನು ಸ್ವಲ್ಪ ಹೊತ್ತು ನೋಡಿದಳು. ಕೇಕಿನ ಸಮೇತ ತಟ್ಟೆಯನ್ನು ನನ್ನ ಎರಡೂ ಕೈಯಲ್ಲಿ ಇಟ್ಟಳು.

"ಈ ಸಲ ತಟ್ಟೆ ನಿಮ್ಮಲ್ಲೇ ಇರಲಿ" ಎಂದಳು. "ಎಲ್ಲಕ್ಕಿಂತ ಮೊದಲು ಇದನ್ನೇ ಪ್ಯಾಕ್ ಮಾಡಿ. ಹೋಗುವ ಆತುರದಲ್ಲಿ ಜನ ಇದನ್ನು ಮರೆತುಬಿಡುತ್ತಾರೆ."